ಪಿಟ್ಯುಟರಿ ಡೈನಾಮಿಕ್ ಸ್ಕ್ಯಾನ್ ಬೇಗ ಮುಗಿಸೋದು ಹೇಗೆ? ಹಳೇ 1.5 ಟೆಸ್ಲಾ ಮೆಷಿನ್

ಕಾಯಿಲ್_ಕೆಲಸಗಾರ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎಂಆರ್‌ಐ ಟೆಕ್ನಿಷಿಯನ್ ನಾನು. ಮೆಷಿನ್ 1.5 ಟೆಸ್ಲಾ, ಹಳೆಯದು, ಆದರೆ ಚೆನ್ನಾಗಿ ಓಡುತ್ತಿದೆ. ನನ್ನ ತಲೆನೋವು ಪಿಟ್ಯುಟರಿ ಡೈನಾಮಿಕ್ ಕೇಸ್. ಅದು ಬಂತು ಅಂದ್ರೆ ಮುಕ್ಕಾಲು ಗಂಟೆ ಹೋಯ್ತು ಅಂತಲೇ ಲೆಕ್ಕ. ಹೊರಗೆ ಬೆನ್ನು, ಮಂಡಿ ಅಂತ ಕಾಯುತ್ತಿರುವವರು ಗೊಣಗಲು ಶುರು ಮಾಡುತ್ತಾರೆ.

ಈಗಿನ ಸೆಟ್ಟಿಂಗ್: ಕರೋನಲ್ (ಮುಖಕ್ಕೆ ಸಮಾಂತರವಾಗಿ ಕತ್ತರಿಸಿದ ಹಾಗೆ) ಟಿ1 (ಮದ್ದು ಬೆಳ್ಳಗೆ ಕಾಣುವ ಬಗೆ) ಟರ್ಬೊ ಸ್ಪಿನ್ ಎಕೋ, ಟಿಆರ್ (ಒಂದು ರೇಡಿಯೋ ಬಡಿತದಿಂದ ಮುಂದಿನದಕ್ಕೆ ಇರುವ ಸಮಯ) 400 ಮಿಲಿಸೆಕೆಂಡ್, ಚಿತ್ರ ಕಟ್ಟಲು ಅಳೆಯುವ ಲೈನ್ 192, ಟರ್ಬೊ ಫ್ಯಾಕ್ಟರ್ 3 (ಒಂದು ಟಿಆರ್‌ನಲ್ಲಿ ಮೂರು ಲೈನ್), 3 ಮಿಮೀ ದಪ್ಪದ ಆರು ಸ್ಲೈಸ್. ಒಂದು ಸುತ್ತಿಗೆ ಸುಮಾರು 26 ಸೆಕೆಂಡ್. ಕಾಂಟ್ರಾಸ್ಟ್‌ಗೆ (ಚಿತ್ರ ಎದ್ದು ಕಾಣಲು ಕೈಗೆ ಚುಚ್ಚುವ ಮದ್ದು) ಮೊದಲು ಒಂದು ಸುತ್ತು, ಆಮೇಲೆ ಆರು.

ನಮ್ಮ ರೇಡಿಯಾಲಜಿಸ್ಟ್ ಹೇಳೋದು: 26 ಸೆಕೆಂಡ್ ಜಾಸ್ತಿ ಆಯ್ತು, 12ಕ್ಕೆ ಇಳಿಸಿ, ಸ್ಲೈಸ್ 2 ಮಿಮೀ ಮಾಡಿ. ಓನರ್ ಹೇಳೋದು: ಸ್ಲಾಟ್ ಇಪ್ಪತ್ತೈದು ನಿಮಿಷಕ್ಕೆ ತನ್ನಿ. ಕಡಿಮೆ ಅಳತೆಯಲ್ಲೇ ಬೇಗ ಚಿತ್ರ ಕಟ್ಟುವ ಕಂಪ್ರೆಸ್ಡ್ ಸೆನ್ಸಿಂಗ್ ಸಾಫ್ಟ್‌ವೇರ್‌ನ ಲೈಸೆನ್ಸ್ ನಮ್ಮಲ್ಲಿಲ್ಲ. ಕಂಪನಿಯವರು ಹೇಳಿದ ರೇಟ್ ಕೇಳಿ ಓನರ್ ಮಾತು ಬದಲಿಸಿದರು. ಇರುವುದರಲ್ಲೇ ಏನು ಮಾಡಬಹುದು?

ಆಲೂರು_ಆಲೂಗಡ್ಡೆ

ಗುರು, ನಮಗೆ ಅರ್ಥ ಆಗೋ ಹಾಗೆ ಹೇಳಿ. ಪಿಟ್ಯುಟರಿ ಎಲ್ಲಿರುತ್ತೆ? ಅದಕ್ಕೆ ಮಾತ್ರ ಯಾಕೆ ಇಷ್ಟು ರಾದ್ಧಾಂತ? ನಮ್ಮಪ್ಪನ ತಲೆ ಪೂರ್ತಿ ಸ್ಕ್ಯಾನ್ ಕಾಲು ಗಂಟೆಯಲ್ಲಿ ಮುಗಿದಿತ್ತು.

ಮಲೆನಾಡ್_ರೇಡಿಯಾಲಜಿ (ಚಿಕ್ಕಮಗಳೂರು)

ಮೂಗಿನ ಹಿಂದೆ, ಮಿದುಳಿನ ಅಡಿಯಲ್ಲಿ, ಮೂಳೆಯ ಒಂದು ಪುಟ್ಟ ಗುಂಡಿಯಲ್ಲಿ ಕೂತಿರುವ ಗ್ರಂಥಿ ಅದು. ತೂಕ ಅರ್ಧ ಗ್ರಾಂ ಆಸುಪಾಸು, ಎತ್ತರ ಒಂದು ಸೆಂಟಿಮೀಟರಿಗೂ ಕಡಿಮೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ಬೆಳವಣಿಗೆ, ಎದೆಹಾಲು ಎಲ್ಲಕ್ಕೂ ಆರ್ಡರ್ ಹೋಗುವುದು ಅಲ್ಲಿಂದಲೇ. ಅದರೊಳಗೆ 10 ಮಿಮೀಗಿಂತ ಚಿಕ್ಕ ಗೆಡ್ಡೆ ಇದ್ದರೆ ಮೈಕ್ರೊ ಅಡಿನೋಮ ಅನ್ನುತ್ತೇವೆ. ಕೆಲವು ಬರೀ 3–4 ಮಿಮೀ ಇರುತ್ತವೆ. ಕ್ಯಾನ್ಸರ್ ಅಲ್ಲ, ಆದರೆ ಎಷ್ಟೋ ಗೆಡ್ಡೆಗಳು ಹಾರ್ಮೋನ್ ಸುರಿಸಿ ಮೈಯೆಲ್ಲ ಏರುಪೇರು ಮಾಡುತ್ತವೆ.

ಇಲ್ಲಿ ಒಂದು ಉಪಕಾರ ಇದೆ. ಮಿದುಳಿನ ಬೇರೆ ಭಾಗದಲ್ಲಿ ರಕ್ತನಾಳಕ್ಕೆ ಒಂದು ತಡೆ ಇರುತ್ತದೆ, ಕಾಂಟ್ರಾಸ್ಟ್ ಮದ್ದಿನ ಗ್ಯಾಡೋಲಿನಿಯಂ ಸುಲಭವಾಗಿ ಹೊರಗೆ ಬರುವುದಿಲ್ಲ. ಪಿಟ್ಯುಟರಿಗೆ ಆ ತಡೆ ಇಲ್ಲ. ಮದ್ದು ಹೋದ ಕೂಡಲೇ ಮೊದಲು ಗ್ರಂಥಿಯನ್ನು ಮಿದುಳಿಗೆ ಸೇರಿಸುವ ತೊಟ್ಟು ಬೆಳ್ಳಗಾಗುತ್ತದೆ, ಆಮೇಲೆ ಗ್ರಂಥಿ ಪೂರ್ತಿ. ಗೆಡ್ಡೆ ಮಾತ್ರ ಸ್ವಲ್ಪ ತಡವಾಗಿ ಮದ್ದು ಹೀರುತ್ತದೆ. ಹಾಗಾಗಿ ಮೊದಲ ಒಂದೆರಡು ನಿಮಿಷ ಬೆಳ್ಳಗಿನ ಗ್ರಂಥಿಯ ನಡುವೆ ಕಪ್ಪಗೆ ಕಾಣುತ್ತದೆ. ಆಮೇಲೆ ಅದೂ ಬೆಳ್ಳಗಾಗಿ ಮಾಯ! ಆ ಹೊತ್ತಿನಲ್ಲೇ ಪದೇಪದೇ ಚಿತ್ರ ತೆಗೆಯುವುದಕ್ಕೆ ಡೈನಾಮಿಕ್ ಅನ್ನುವುದು.

ಕಾಯಿಲ್ ಅವರೇ, ನಿಮ್ಮ ಡಾಕ್ಟರೂ ಓನರೂ ಇಬ್ಬರೂ ಬೇಗ ಬೇಗ ಅಂತಿದ್ದಾರೆ. ಆದರೆ ಕೇಳುತ್ತಿರುವುದು ಒಂದೇ ಅಲ್ಲ. ಡಾಕ್ಟರಿಗೆ ಬೇಕಿರುವುದು ನಿಮಿಷಕ್ಕೆ ಜಾಸ್ತಿ ಚಿತ್ರ. ಓನರಿಗೆ ಬೇಕಿರುವುದು ದಿನಕ್ಕೆ ಜಾಸ್ತಿ ಪೇಷಂಟ್. 26 ಸೆಕೆಂಡನ್ನು 12ಕ್ಕೆ ಇಳಿಸಿದರೆ ಸ್ಲಾಟ್‌ನಲ್ಲಿ ಒಂದೂವರೆ ನಿಮಿಷ ಉಳಿಯಬಹುದು, ಅಷ್ಟೇ. ಇವೆರಡನ್ನೂ ಬೇರೆ ಬೇರೆ ಇಟ್ಟು ಯೋಚಿಸಿ.

ಸಿರಿಂಜ್_ಸಿಸ್ಟರ್ (ಹಾಸನ)

ಡಾಕ್ಟರ್ ಹೇಳಿದ್ದು ಸರಿ. ಸಮಯ ತಿನ್ನುವುದು ಮೆಷಿನ್ ಅಲ್ಲ, ಬಾಗಿಲ ಆಚೆ ನಡೆಯುವ ಕೆಲಸ. ನಾನೂ ಕಾಂಟ್ರಾಸ್ಟ್ ರೂಮಿನಲ್ಲೇ ಇರುವವಳು. ನಮ್ಮ ಹಾಸನಾಂಬೆ ದರ್ಶನದ ಹಾಗೇ ಇದೂ. ದೇವಿ ಮುಂದೆ ನಿಲ್ಲುವುದು ಅರೆ ನಿಮಿಷ, ಸಾಲು ಗಂಟೆಗಟ್ಟಲೆ.

ಪೇಷಂಟನ್ನು ಟೇಬಲ್ ಮೇಲೆ ಮಲಗಿಸಿ ಆಮೇಲೆ ನರ ಹುಡುಕುವವರನ್ನು ನೋಡಿದ್ದೇನೆ. ಹೊರಗೇ ಕ್ಯಾನುಲಾ ಹಾಕಿ, ಸಲೈನ್ ಬಿಟ್ಟು ನೋಡಿ, ಪ್ಲಾಸ್ಟರ್ ಅಂಟಿಸಿ ಒಳಗೆ ಕಳಿಸಿ. ಮೊಣಕೈ ಹತ್ತಿರದ ನರಕ್ಕೆ 20 ಗೇಜ್ ಹಾಕಿದರೆ ಸೆಕೆಂಡಿಗೆ 2 ಮಿಲಿ ಆರಾಮಾಗಿ ಹೋಗುತ್ತದೆ. ಅಂಗೈ ಹಿಂದಿನ ಸಣ್ಣ ನರಕ್ಕೆ ಹಾಕಿದರೆ ಪ್ರೆಷರ್ ಇಂಜೆಕ್ಟರ್ ಅರ್ಧದಲ್ಲೇ ಕಿರುಚುತ್ತದೆ, ಪರೀಕ್ಷೆ ಪೂರ್ತಿ ಹಾಳು. ಡೈನಾಮಿಕ್‌ನಲ್ಲಿ ಎರಡನೇ ಅವಕಾಶ ಇಲ್ಲ, ಮದ್ದು ಆಗಲೇ ಒಳಗೆ ಹೋಗಿರುತ್ತದೆ.

ಇನ್ನೊಂದು, ಕಾಲುಂಗುರ. ನಗಬೇಡಿ. ಇಪ್ಪತ್ತು ವರ್ಷದಿಂದ ಬಿಚ್ಚದ ಕಾಲುಂಗುರವನ್ನು ಸೋಪು ನೀರು ಹಾಕಿ ತೆಗೆಯುವಷ್ಟರಲ್ಲಿ ಒಂದು ಮಂಡಿ ಸ್ಕ್ಯಾನ್ ಮುಗಿಯುತ್ತದೆ. ಮಾಂಗಲ್ಯ ಬಿಚ್ಚುವುದಿಲ್ಲ ಅಂತ ಅಳುವವರಿದ್ದಾರೆ. ಹಿಂದಿನ ದಿನ ಫೋನ್ ಮಾಡಿ ಹೇಳಿದರೆ ಅವರು ಮನೆಯಲ್ಲೇ ಅತ್ತೆ ಹತ್ತಿರ ಬಿಚ್ಚಿಸಿಕೊಂಡು, ಅರಿಶಿನದ ದಾರ ಕಟ್ಟಿಕೊಂಡು ಬರುತ್ತಾರೆ. ಹೇರ್‌ಪಿನ್ ಮಾತ್ರ ಯಾವಾಗಲೂ ಒಂದು ಉಳಿದೇ ಉಳಿಯುತ್ತದೆ. ಜಡೆ ಪೂರ್ತಿ ಬಿಚ್ಚಿಸಿ ನೋಡಿ.

ಕಾಯಿಲ್_ಕೆಲಸಗಾರ (ಹಾಸನ)

ಸಿಸ್ಟರ್, ಕ್ಯಾನುಲಾ ನಾವೂ ಹೊರಗೇ ಹಾಕುತ್ತೇವೆ. ಆದರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ತರದೇ ಬರುತ್ತಾರಲ್ಲ, ಅದಕ್ಕೇನು ಮಾಡುವುದು? ಲ್ಯಾಬಿಗೆ ಕಳಿಸಿ ಕಾಯುತ್ತಾ ಕೂರಬೇಕು.

ಮಲೆನಾಡ್_ರೇಡಿಯಾಲಜಿ (ಚಿಕ್ಕಮಗಳೂರು)

ಯಾವ ಮದ್ದು ಬಳಸುತ್ತೀರಿ ಅನ್ನುವುದರ ಮೇಲೆ ಇದೆ. ಗ್ಯಾಡೋಲಿನಿಯಂ ಅನ್ನು ಸಡಿಲವಾಗಿ ಹಿಡಿದಿರುವ ಹಳೆಯ ಲೀನಿಯರ್ ಮದ್ದುಗಳಲ್ಲಿ, ಕಿಡ್ನಿ ಕೆಟ್ಟವರಿಗೆ ಚರ್ಮ ಗಟ್ಟಿಯಾಗುವ ಎನ್‌ಎಸ್‌ಎಫ್ ಭಯ ಇತ್ತು. ಅದಲ್ಲದೆ ಗ್ಯಾಡೋಲಿನಿಯಂ ಮಿದುಳಿನಲ್ಲಿ ಉಳಿಯುತ್ತದೆ ಅನ್ನುವ ಕಾರಣಕ್ಕೆ 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಅವುಗಳಲ್ಲಿ ಕೆಲವನ್ನು ತಡೆಹಿಡಿಯಿತು. ಅದನ್ನು ಪಂಜರದ ಹಾಗೆ ಬಿಗಿಯಾಗಿ ಹಿಡಿದಿರುವ ಮ್ಯಾಕ್ರೊಸೈಕ್ಲಿಕ್ ಮದ್ದುಗಳಲ್ಲಿ ಎನ್‌ಎಸ್‌ಎಫ್ ತೀರಾ ಅಪರೂಪ. ಕಿಡ್ನಿ ತೊಂದರೆ ಇದೆಯಾ, ಡಯಾಲಿಸಿಸ್ ಆಗುತ್ತಿದೆಯಾ ಅಂತ ಸರಿಯಾಗಿ ಕೇಳಿದರೆ ಎಲ್ಲರಿಗೂ ಕ್ರಿಯಾಟಿನಿನ್ ಬೇಕಾಗುವುದಿಲ್ಲ. ಆದರೆ ಇದನ್ನು ನಿಮ್ಮ ರೇಡಿಯಾಲಜಿಸ್ಟ್ ಬರೆದು ಕೊಡಬೇಕು, ನೀವೇ ತೀರ್ಮಾನ ಮಾಡಬೇಡಿ.

ಫಿಸಿಕ್ಸ್_ಮೇಷ್ಟ್ರು (ಅರಸೀಕೆರೆ)

ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಪಾಠ ಮಾಡುವವನು. ಲೆಕ್ಕ ಮಾತ್ರ ಹೇಳುತ್ತೇನೆ.

ಒಂದು ಸುತ್ತಿನ ಸಮಯ = ಟಿಆರ್ × ಲೈನ್‌ಗಳ ಸಂಖ್ಯೆ ÷ ಟರ್ಬೊ ಫ್ಯಾಕ್ಟರ್. ನಿಮ್ಮದು 0.4 × 192 ÷ 3, ಅಂದ್ರೆ 25.6 ಸೆಕೆಂಡ್. ಇದನ್ನು ಕಡಿಮೆ ಮಾಡಲು ಇರುವ ದಾರಿಗಳು ಇಷ್ಟೇ: ಟಿಆರ್ ಇಳಿಸುವುದು, ಲೈನ್ ಇಳಿಸುವುದು, ಟರ್ಬೊ ಏರಿಸುವುದು. ಟಿಆರ್ ಇಳಿಸಿದರೆ ಆರು ಸ್ಲೈಸ್ ಅದರಲ್ಲಿ ಹಿಡಿಸುವುದಿಲ್ಲ. ಟರ್ಬೊ ತುಂಬಾ ಏರಿಸಿದರೆ ಚಿತ್ರ ಮಸುಕಾಗುತ್ತದೆ, ಟಿ1 ಗುಣವೂ ಸಡಿಲವಾಗುತ್ತದೆ. ಉಳಿದದ್ದು ಲೈನ್.

ಲೈನ್ ಬಿಟ್ಟು ಬಿಟ್ಟು ತೆಗೆದು, ಬಿಟ್ಟದ್ದನ್ನು ತಲೆ ಸುತ್ತ ಸಿಗ್ನಲ್ ಹಿಡಿಯುವ ಕಾಯಿಲ್‌ಗಳ ಸಹಾಯದಿಂದ ತುಂಬುವುದೇ ಪ್ಯಾರಲಲ್ ಇಮೇಜಿಂಗ್. 1999ರಲ್ಲಿ ಸೆನ್ಸ್ ಅನ್ನುವ ವಿಧಾನ ಬಂತು, 2002ರಲ್ಲಿ ಗ್ರಾಪಾ ಅನ್ನುವುದು. ಹಳೆಯ ಮೆಷಿನ್‌ಗಳಲ್ಲೂ ಸಾಮಾನ್ಯವಾಗಿ ಇಂಥದ್ದೊಂದು ಇರುತ್ತದೆ, ನಿಮ್ಮದರಲ್ಲಿ ಇದೆಯಾ ನೋಡಿ. ಫ್ಯಾಕ್ಟರ್ 2 ಹಾಕಿದರೆ ಸಮಯ ಹತ್ತಿರ ಹತ್ತಿರ ಅರ್ಧ. ಆದರೆ ಪುಕ್ಕಟೆ ಅಲ್ಲ. ಸಿಗ್ನಲ್ ಮತ್ತು ಗದ್ದಲದ ಅನುಪಾತ √2ರಿಂದ ಭಾಗವಾಗಿ 0.7ಕ್ಕೆ ಬೀಳುತ್ತದೆ. ಸ್ಲೈಸ್ 3ರಿಂದ 2 ಮಿಮೀ ಮಾಡಿದರೆ ಇನ್ನೊಂದು 0.67. ಎರಡೂ ಗುಣಿಸಿ: 0.47. ಇದ್ದದ್ದರಲ್ಲಿ ಅರ್ಧವೂ ಉಳಿಯಲಿಲ್ಲ. ನಿಮ್ಮ ಡಾಕ್ಟರ್ 12 ಸೆಕೆಂಡೂ ಬೇಕು, 2 ಮಿಮೀಯೂ ಬೇಕು ಅಂದರೆ 1.5 ಟೆಸ್ಲಾದಲ್ಲಿ ಕಾಳು ಕಾಳು ಚಿತ್ರ ಬರುತ್ತದೆ ಅಂತ ಮೊದಲೇ ಹೇಳಿಬಿಡಿ.

ಬಾಳೂರು_ಭಟ್ರು

ಮೇಷ್ಟ್ರೇ, ಇದೆಲ್ಲ ಹಳೇ ಕಾಲದ ಮಾತು. ಈಗ ಎಐ ಬಂದಿದೆ. ಗದ್ದಲ ಎಷ್ಟಿದ್ದರೂ ಅದೇ ತೊಳೆದು ಕೊಡುತ್ತದೆ. ಇನ್ನೂ √2 ಹಿಡಿದುಕೊಂಡು ಕೂತರೆ ಹೇಗೆ?

ಫಿಸಿಕ್ಸ್_ಮೇಷ್ಟ್ರು (ಅರಸೀಕೆರೆ)

ಎಐ ಬಂದರೂ √2 ರಜೆ ಹಾಕಿಲ್ಲ ಭಟ್ರೇ.

ಮಲೆನಾಡ್_ರೇಡಿಯಾಲಜಿ (ಚಿಕ್ಕಮಗಳೂರು)

ಭಟ್ರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಡೀಪ್ ಲರ್ನಿಂಗ್ ರೀಕನ್‌ಸ್ಟ್ರಕ್ಷನ್ (ಎಐನಿಂದ ಚಿತ್ರ ಕಟ್ಟುವುದು) ಇರುವ ಹೊಸ ಮೆಷಿನ್‌ಗಳಲ್ಲಿ ಪಿಟ್ಯುಟರಿಯನ್ನು 1 ಮಿಮೀ ಸ್ಲೈಸ್‌ನಲ್ಲಿ ನೋಡುವುದು ಸಾಧ್ಯವಾಗಿದೆ. 3 ಮಿಮೀಯಲ್ಲಿ ಕಾಣದ ಗೆಡ್ಡೆ ಅಲ್ಲಿ ಕಂಡಿದ್ದೂ ಉಂಟು. ನ್ಯೂಯಾರ್ಕ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸೇರಿ 2018ರಲ್ಲಿ ಫಾಸ್ಟ್ ಎಂಆರ್‌ಐ ಅಂತ ಶುರು ಮಾಡಿದ್ದೂ ಇದೇ ಹಾದಿಯಲ್ಲಿ.

ನನ್ನ ಅನುಮಾನ ಬೇರೆ. ಮಂಡಿಯಂಥ ಕಡೆ ಎಐ ನಡೆಯಬಹುದು, ಅಲ್ಲಿ ಹರಿದ ಲಿಗಮೆಂಟ್ ದೊಡ್ಡದು. ಇಲ್ಲಿ ಹುಡುಕುತ್ತಿರುವುದು 3 ಮಿಮೀ ಗಾತ್ರದ ಕಪ್ಪು ಚುಕ್ಕೆ, ಅದೂ ಒಂದೆರಡು ಚಿತ್ರದಲ್ಲಿ ಮಾತ್ರ ಕಾಣುವಂಥದ್ದು. ಗದ್ದಲ ತೊಳೆಯುವ ಸಾಫ್ಟ್‌ವೇರ್ ಅದನ್ನೂ ಗದ್ದಲ ಅಂತ ತೊಳೆದುಬಿಟ್ಟರೆ? ಚಿತ್ರ ನುಣ್ಣಗೆ, ಚೆಂದ ಇರುತ್ತದೆ, ಗೆಡ್ಡೆ ಇರುವುದಿಲ್ಲ. ಕಾಳು ಕಾಳು ಚಿತ್ರ ನೋಡಿದಾಗ ಇದು ಕೆಟ್ಟಿದೆ ಅಂತಾದರೂ ನನಗೆ ಗೊತ್ತಾಗುತ್ತದೆ. ಹಾಗಾಗಿ ತೊಳೆಯದ ಚಿತ್ರವನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು ಅನ್ನುವುದು ನನ್ನ ಹಟ.

ಟೆಸ್ಲಾ_ತಮ್ಮಯ್ಯ (ಬೆಂಗಳೂರು, ಊರು ಕಡೂರು)

ಕಂಪ್ರೆಸ್ಡ್ ಸೆನ್ಸಿಂಗ್ ಬಗ್ಗೆ ಎರಡು ಮಾತು. 2007ರಲ್ಲಿ ಲುಸ್ಟಿಗ್, ಡೊನೊಹೊ, ಪಾಲಿ ಇದನ್ನು ಎಂಆರ್‌ಐಗೆ ತಂದರು. ಲೈನ್‌ಗಳನ್ನು ಲೆಕ್ಕದ ಪ್ರಕಾರ ಬಿಡುವ ಬದಲು ಅಡ್ಡಾದಿಡ್ಡಿಯಾಗಿ ಬಿಡುವುದು. ಆಗ ತಪ್ಪುಗಳು ಚಿತ್ರದ ಮೇಲೆ ಇನ್ನೊಂದು ಚಿತ್ರವಾಗಿ ಕೂರುವುದಿಲ್ಲ, ಗದ್ದಲದ ಹಾಗೆ ಹರಡುತ್ತವೆ. ಕಂಪ್ಯೂಟರ್ ಮತ್ತೆ ಮತ್ತೆ ಲೆಕ್ಕ ಹಾಕಿ ಅದನ್ನು ತೆಗೆಯುತ್ತದೆ.

ಡೈನಾಮಿಕ್‌ಗೆ ನನಗೆ ಹೆಚ್ಚು ಇಷ್ಟ 2014ರಲ್ಲಿ ಬಂದ ಗ್ರಾಸ್ಪ್ ವಿಧಾನ. ಲೈನ್ ಬದಲು ಚಕ್ರದ ಕಡ್ಡಿಗಳ ಥರ ಮಧ್ಯದಿಂದ ಹಾದುಹೋಗುವಂತೆ ಅಳೆಯುತ್ತಾರೆ, ಪ್ರತಿ ಕಡ್ಡಿಯೂ ಹಿಂದಿನದಕ್ಕಿಂತ 111.25 ಡಿಗ್ರಿ ತಿರುಗಿ. ಸುತ್ತು ಎಷ್ಟು ಸೆಕೆಂಡ್ ಅಂತ ಮೊದಲೇ ನಿರ್ಧರಿಸಬೇಕಾಗಿಲ್ಲ. ನಿಲ್ಲಿಸದೆ ಅಳೆದು, ಆಮೇಲೆ 5 ಸೆಕೆಂಡಿಗೆ ಬೇಕಾ, 15ಕ್ಕೆ ಬೇಕಾ ಅಂತ ಕತ್ತರಿಸಿಕೊಳ್ಳಬಹುದು. ಪೇಷಂಟ್ ಉಗುಳು ನುಂಗಿದರೂ ಅಷ್ಟಾಗಿ ಕೆಡುವುದಿಲ್ಲ.

ಕಾಯಿಲ್_ಕೆಲಸಗಾರ (ಹಾಸನ)

ತಮ್ಮಯ್ಯಣ್ಣ, ಓದಿದರೆ ಬಾಯಲ್ಲಿ ನೀರು ಬರುತ್ತದೆ. ನಮ್ಮ ಮೆಷಿನ್‌ನಲ್ಲಿ ಅದರ ಬಟನ್ನೇ ಇಲ್ಲ.

ಬೇಲೂರು_ಬಾಲೆ

ಪೇಷಂಟ್ ಕಡೆಯಿಂದಲೂ ಯಾರಾದರೂ ಮಾತಾಡಬೇಕಲ್ವಾ? ನನಗೆ ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಜಾಸ್ತಿ ಅಂತ ಈ ಸ್ಕ್ಯಾನ್ ಆಗಿದೆ. ಮುಟ್ಟು ನಿಂತಿತ್ತು, ಮದುವೆಯಾಗದ ಹುಡುಗಿಗೆ ಎದೆಹಾಲು. ಮನೆಯಲ್ಲಿ ಏನೇನೋ ಮಾತು. ಯಾರಿಗೆ ಹೇಳಲಿ ಹೇಳಿ.

ಕೊಳವೆಯೊಳಗೆ ಮಲಗಿದಾಗ ಎಲ್ಲಕ್ಕಿಂತ ಕಷ್ಟ ಆಗಿದ್ದು ಉಗುಳು ನುಂಗದೆ ಇರುವುದು. ನುಂಗಬೇಡಿ ಅಂದ ತಕ್ಷಣ ಬಾಯ್ತುಂಬ ಬರುತ್ತದೆ. ಕೈಗೆ ಮದ್ದು ಹೋಗುವಾಗ ತಣ್ಣಗೆ ಏರಿದ ಹಾಗಾಯಿತು, ಬೆಚ್ಚಿಬಿದ್ದೆ. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರೆ ಅಲುಗಾಡುತ್ತಿರಲಿಲ್ಲ. ಮತ್ತೊಂದು ದಿನ ಬನ್ನಿ ಅಂದರು. ನಿಮ್ಮ ಸೆಕೆಂಡ್ ಲೆಕ್ಕ ಸರಿ, ಆದರೆ ಎರಡು ವಾಕ್ಯ ಮಾತಾಡಿದರೆ ಒಂದು ಸ್ಕ್ಯಾನೇ ಉಳಿಯುತ್ತದೆ.

ಈಗ ಮಾತ್ರೆಯಲ್ಲೇ ಗೆಡ್ಡೆ ಕುಗ್ಗಿದೆ. ಆಪರೇಷನ್ ಬೇಕಾಗಲಿಲ್ಲ.

ಸಿರಿಂಜ್_ಸಿಸ್ಟರ್ (ಹಾಸನ)

ಬಾಲೆ ತಂಗಿ, ಚೆನ್ನಾಗಿ ಹೇಳಿದೆ. ನಾವು ಹೀಗೆ ಹೇಳುತ್ತೇವೆ: "ಈಗ ಕೈ ತಣ್ಣಗಾಗುತ್ತದೆ, ಹೆದರಬೇಡಿ. ಶಬ್ದ ನಿಂತಾಗ ನುಂಗಿ." ಸುತ್ತುಗಳ ನಡುವೆ ಸಣ್ಣ ಬಿಡುವು ಇರುತ್ತದೆ, ಅದೇ ಸಾಕು.

ಡಾ_ಹಾರ್ಮೋನ್ (ಹಾಸನ)

ಎಂಡೊಕ್ರೈನ್ ನೋಡುವವನಾಗಿ ನನ್ನದೊಂದು ತಕರಾರು. ಎಲ್ಲರೂ ಬೇಗ ಹೇಗೆ ಅಂತ ಕೇಳುತ್ತಿದ್ದೀರಿ, ಯಾರಿಗೆ ಬೇಕು ಅಂತ ಯಾರೂ ಕೇಳುತ್ತಿಲ್ಲ.

ಪ್ರೊಲ್ಯಾಕ್ಟಿನ್ ಸ್ವಲ್ಪ ಜಾಸ್ತಿ ಅಂದ ಕೂಡಲೇ ಡೈನಾಮಿಕ್ ಎಂಆರ್‌ಐ ಬರೆಯುವುದು ಅಭ್ಯಾಸ ಆಗಿಬಿಟ್ಟಿದೆ. ಮೊದಲು ಗರ್ಭ ಇದೆಯಾ ನೋಡಿ. ಟಿಎಸ್‌ಎಚ್ ನೋಡಿ, ಥೈರಾಯ್ಡ್ ಕಡಿಮೆ ಇದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ಗ್ಯಾಸ್‌ಗೆ, ವಾಂತಿಗೆ ಅಂತ ಡೊಂಪೆರಿಡೋನ್ ಇರುವ ಮಾತ್ರೆ ನುಂಗುತ್ತಿದ್ದಾರಾ ಕೇಳಿ. ನಮ್ಮ ಕಡೆ ಬೆಳಿಗ್ಗೆ ಎದ್ದು ಗ್ಯಾಸ್ ಮಾತ್ರೆ ನುಂಗದವರು ಯಾರಿದ್ದಾರೆ! ಮಾನಸಿಕ ಕಾಯಿಲೆಗೆ ರಿಸ್ಪೆರಿಡೋನ್ ತೆಗೆದುಕೊಳ್ಳುವವರಲ್ಲೂ ಹೀಗೇ. ಇದೆಲ್ಲ ಕೇಳದೆ ಸ್ಕ್ಯಾನ್ ಮಾಡಿದರೆ ಇನ್ನೊಂದು ಪಜೀತಿ. ಆರೋಗ್ಯವಂತರಲ್ಲೂ ಸುಮಾರು ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಿ ಏನೋ ಒಂದು ಚುಕ್ಕೆ ಇರುತ್ತದೆ. ಅದು ರಿಪೋರ್ಟ್‌ಗೆ ಬಂತು ಅಂದ್ರೆ ಮನೆಯವರ ನಿದ್ದೆ ಹೋಯಿತು.

ದೊಡ್ಡ ಗೆಡ್ಡೆ ಆಗಲೇ ಗೊತ್ತಿದ್ದು ಫಾಲೋಅಪ್ ಮಾತ್ರ ಆದರೆ ಡೈನಾಮಿಕ್ ಬೇಡ. ಅನೇಕರಿಗೆ ಕಾಂಟ್ರಾಸ್ಟೇ ಬೇಡ, ಮದ್ದಿಲ್ಲದೆ ತೆಗೆಯುವ ಕರೋನಲ್ ಟಿ2 ಚಿತ್ರದಲ್ಲಿ ಅಳತೆ ಸಿಗುತ್ತದೆ. ನಿಜವಾಗಿ ಡೈನಾಮಿಕ್‌ನ ಬೆಲೆ ಗೊತ್ತಾಗುವುದು ಕುಶಿಂಗ್ಸ್ ಕಾಯಿಲೆಯಲ್ಲಿ (ಪಿಟ್ಯುಟರಿ ಗೆಡ್ಡೆಯಿಂದ ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನ್ ಹೆಚ್ಚಾಗುವುದು). ಅಲ್ಲಿ ಗೆಡ್ಡೆ ತೀರಾ ಚಿಕ್ಕದು, ಎಷ್ಟೋ ಸಲ ಕಾಣುವುದೇ ಇಲ್ಲ. ಕಾಣದಿದ್ದರೆ ಅಥವಾ 6 ಮಿಮೀಗಿಂತ ಚಿಕ್ಕದಿದ್ದರೆ, ತೊಡೆಯ ನರದಿಂದ ಕೊಳವೆ ಬಿಟ್ಟು ಪಿಟ್ಯುಟರಿ ಪಕ್ಕದ ರಕ್ತ ತೆಗೆದು ಪರೀಕ್ಷೆ ಮಾಡಬೇಕಾಗುತ್ತದೆ. ಅದಕ್ಕೆ ಬೆಂಗಳೂರಿಗೇ ಕಳಿಸಬೇಕು.

ಕಾಫಿ_ಕುಯ್ಲು (ಮೂಡಿಗೆರೆ)

ಬೆಂಗಳೂರು ಅಂದ್ರಲ್ಲ ಡಾಕ್ಟರೇ, ಅದೇ ನಮ್ಮ ಗೋಳು. ತೋಟದಲ್ಲಿ ಹಣ್ಣು ಕುಯ್ಲು ನಡೆಯುವಾಗ ಒಬ್ಬರನ್ನು ಕರೆದುಕೊಂಡು ಬೆಂಗಳೂರಿಗೆ ಹೋದರೆ ಎರಡು ದಿನ ಆಳು ಲೆಕ್ಕ ತಪ್ಪಿತು. ಮೂಡಿಗೆರೆಯಿಂದ ಹಾಸನ ಆದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ನಮ್ಮ ಚಿಕ್ಕಪ್ಪನ ಕಥೆ ಹೇಳುತ್ತೇನೆ. ಚಪ್ಪಲಿ ಸೈಜ್ 8ರಿಂದ 10 ಆಯಿತು, ಐವತ್ತನೇ ವಯಸ್ಸಿನಲ್ಲಿ! ಉಂಗುರ ಬೆರಳಲ್ಲೇ ಸಿಕ್ಕಿಕೊಂಡು ಅಕ್ಕಸಾಲಿ ಕತ್ತರಿಸಿದ. ದಪ್ಪ ಆಗಿದ್ದಾರೆ ಅಂತ ಎಲ್ಲ ಸುಮ್ನಿದ್ದೆವು. ಹಳೇ ಮದುವೆ ಫೋಟೊ ನೋಡಿ ಒಬ್ಬ ಡಾಕ್ಟರು ದವಡೆ, ಹುಬ್ಬು ತೋರಿಸಿ ಇದು ಪಿಟ್ಯುಟರಿ ಅಂದರು. ಅಷ್ಟರಲ್ಲಿ ಗೆಡ್ಡೆ 2 ಸೆಂಟಿಮೀಟರ್. ಅಕ್ಕಪಕ್ಕದ ದೃಷ್ಟಿ ಹೋಗಿ ಬೈಕ್ ಓಡಿಸುವಾಗ ಪಕ್ಕದಿಂದ ಬರುವ ಗಾಡಿ ಕಾಣುತ್ತಿರಲಿಲ್ಲ.

ಆಲೂರು_ಆಲೂಗಡ್ಡೆ

ಅಯ್ಯೋ, ನಮ್ಮ ಭಾವನ ಚಪ್ಪಲಿಯೂ ದೊಡ್ಡದಾಗಿದೆ. ಕೇಳಬೇಕಾಯ್ತು.

ಡಾ_ಹಾರ್ಮೋನ್ (ಹಾಸನ)

ಮೊದಲು ಬೆಳವಣಿಗೆ ಹಾರ್ಮೋನ್ ಜಾಸ್ತಿ ಇದೆಯಾ ತೋರಿಸುವ ಐಜಿಎಫ್-1 ರಕ್ತ ಪರೀಕ್ಷೆ ಮಾಡಿಸಿ. ನೇರ ಸ್ಕ್ಯಾನ್‌ಗೆ ಓಡಬೇಡಿ, ಇಲ್ಲಿ ಒಬ್ಬರು ಸ್ಲಾಟ್ ಇಲ್ಲ ಅಂತ ಅಳುತ್ತಿದ್ದಾರೆ.

ಡೋಸ್_ದಾಸಪ್ಪ (ಸಕಲೇಶಪುರ)

ಕಾಯಿಲ್ ಅವರೇ, ಡೈನಾಮಿಕ್‌ಗೆ ಪೂರ್ತಿ ಡೋಸ್ ಹಾಕುತ್ತೀರಾ? ಅರ್ಧ ಹಾಕಿ ನೋಡಿ. ಗ್ರಂಥಿ ಪೂರ್ತಿ ಬೆಳ್ಳಗೆ ಉರಿಯುವುದಿಲ್ಲ, ಗೆಡ್ಡೆ ಎದ್ದು ಕಾಣುತ್ತದೆ. ಕೆಜಿಗೆ 0.2 ಮಿಲಿಯಂತೆ 60 ಕೆಜಿಗೆ 12 ಮಿಲಿ, ಅದರ ಅರ್ಧ 6 ಮಿಲಿ. ಹಿಂದೆಯೇ 20 ಮಿಲಿ ಸಲೈನ್.

ಟೆಸ್ಲಾ_ತಮ್ಮಯ್ಯ (ಬೆಂಗಳೂರು, ಊರು ಕಡೂರು)

ದಾಸಪ್ಪನವರೇ, ಅರ್ಧ ಡೋಸ್ ಸರಿ, ಆದರೆ ಮಿಲಿ ಲೆಕ್ಕವನ್ನು ಎಲ್ಲ ಮದ್ದಿಗೂ ಹಾಕಬೇಡಿ. ಕೆಜಿಗೆ 0.2 ಮಿಲಿ ಅನ್ನುವುದು ಮಿಲಿಗೆ 0.5 ಮಿಲಿಮೋಲ್ ಇರುವ ಮದ್ದಿಗೆ. ಗ್ಯಾಡೊಬ್ಯುಟ್ರೋಲ್ ಅನ್ನುವ ಮದ್ದು ಅದರ ಎರಡರಷ್ಟು ಗಟ್ಟಿ, ಮಿಲಿಗೆ 1 ಮಿಲಿಮೋಲ್. ಅದರಲ್ಲಿ 60 ಕೆಜಿಯವರಿಗೆ 6 ಮಿಲಿ ಅಂದ್ರೆ ಪೂರ್ತಿ ಡೋಸ್, ಅರ್ಧ ಅಂದ್ರೆ 3 ಮಿಲಿ. ಬಾಟಲಿ ಮೇಲೆ ಓದಿ ಹಾಕಿ.

ಡೋಸ್_ದಾಸಪ್ಪ (ಸಕಲೇಶಪುರ)

ಸರಿ ಸರಿ, ನಮ್ಮಲ್ಲಿರುವ ಬಾಟಲಿ ಲೆಕ್ಕ ಹೇಳಿದೆ.

ಮಲೆನಾಡ್_ರೇಡಿಯಾಲಜಿ (ಚಿಕ್ಕಮಗಳೂರು)

ಯಾರೂ ಹೇಳದ ಒಂದು ವಿಷಯ: ಫೇಸ್ ಎನ್‌ಕೋಡಿಂಗ್ (ಲೈನ್‌ಗಳನ್ನು ಒಂದೊಂದಾಗಿ ಅಳೆಯುವ ದಿಕ್ಕು, ಅಲುಗಾಟದ ನೆರಳು ಬೀಳುವುದೂ ಅತ್ತಲೇ) ಯಾವ ದಿಕ್ಕಿಗೆ ಇಟ್ಟಿದ್ದೀರಿ? ಪಿಟ್ಯುಟರಿಯ ಎಡಕ್ಕೂ ಬಲಕ್ಕೂ ಕರೋಟಿಡ್ ರಕ್ತನಾಳ ಬಡಿಯುತ್ತಿರುತ್ತದೆ. ಎಡ–ಬಲ ಇಟ್ಟರೆ ಆ ಬಡಿತದ ನೆರಳು ನೇರ ಗ್ರಂಥಿಯ ಮೇಲೆ ಬೀಳುತ್ತದೆ. ಮೇಲೆ–ಕೆಳಗೆ ಇಡಿ. ಕತ್ತಿನ ಭಾಗ ಸುತ್ತಿಕೊಂಡು ಮೇಲೆ ಬರುತ್ತದೆ, ಅದಕ್ಕೆ ಸ್ವಲ್ಪ ಓವರ್‌ಸ್ಯಾಂಪ್ಲಿಂಗ್ (ಚಿತ್ರದ ಅಂಚಿನಾಚೆಗೂ ಅಳೆಯುವುದು) ಮತ್ತು ಕೆಳಗೆ ಕತ್ತಿನ ಸಿಗ್ನಲ್ ಅಡಗಿಸುವ ಒಂದು ಸ್ಯಾಚುರೇಷನ್ ಪಟ್ಟಿ. ಸಮಯ ಕೊಂಚ ಏರುತ್ತದೆ. ಏರಲಿ.

ಡೈನಾಮಿಕ್ ಆದಮೇಲೆ ತೆಳು ಸ್ಲೈಸ್‌ನ 3ಡಿ ಗ್ರೇಡಿಯಂಟ್ ಎಕೋ (ಚಿತ್ರ ತೆಗೆಯುವ ಇನ್ನೊಂದು ಬಗೆ) ಒಂದು ಸೇರಿಸಿ. ಕುಶಿಂಗ್ಸ್‌ನಲ್ಲಿ ಅದು ಸ್ಪಿನ್ ಎಕೋಗಿಂತ ಹೆಚ್ಚು ಗೆಡ್ಡೆ ಹಿಡಿಯುತ್ತದೆ ಅಂತ ಅಮೆರಿಕದ ಎನ್‌ಐಎಚ್‌ನವರು 2003ರಲ್ಲೇ ತೋರಿಸಿದ್ದಾರೆ. 2 ಮಿಮೀ ಆಸೆ ಡೈನಾಮಿಕ್‌ನಲ್ಲಿ ಬಿಟ್ಟು ಅಲ್ಲಿ ತೀರಿಸಿಕೊಳ್ಳಿ.

ಕಾಯಿಲ್_ಕೆಲಸಗಾರ (ಹಾಸನ)

ಅಪ್‌ಡೇಟ್. ಮೊದಲು ಫ್ಯಾಂಟಮ್ (ಮೆಷಿನ್ ಪರೀಕ್ಷೆಗೆ ಇಡುವ ದ್ರವ ತುಂಬಿದ ಡಬ್ಬ) ಮೇಲೆ, ಆಮೇಲೆ ನಮ್ಮ ಸ್ಟಾಫ್ ಹುಡುಗನನ್ನೇ ಮಲಗಿಸಿ ಕಾಂಟ್ರಾಸ್ಟ್ ಇಲ್ಲದೆ ನೋಡಿದೆವು. ಗ್ರಾಪಾ 2, ಫೇಸ್ ಮೇಲೆ–ಕೆಳಗೆ, ಓವರ್‌ಸ್ಯಾಂಪ್ಲಿಂಗ್ ಶೇ. 25, ಟರ್ಬೊ 3 ಇಟ್ಟರೆ 17–18 ಸೆಕೆಂಡ್. ಟರ್ಬೊ 4 ಮಾಡಿದರೆ 13. ಸ್ಲೈಸ್ 2.5 ಮಿಮೀಗೆ ನಿಲ್ಲಿಸಿದೆವು. ಕಾಳು ಇದೆ, ಆದರೆ ಎರಡೂ ಪಕ್ಕದ ರಕ್ತನಾಳ ಚೊಕ್ಕ. ರೇಡಿಯಾಲಜಿಸ್ಟ್ ನೋಡಿ, ಮೂರು ಸಲ ಹಿಂದೆ ಮುಂದೆ ತಿರುಗಿಸಿ, 13 ಓಕೆ ಅಂದರು.

ಸ್ಲಾಟ್ ವಿಷಯ: ಇಲ್ಲಿಯವರೆಗೆ ಪಿಟ್ಯುಟರಿ ಜೊತೆಗೆ ಇಡೀ ತಲೆಯ ಸೀಕ್ವೆನ್ಸ್‌ಗಳನ್ನೂ ಓಡಿಸುತ್ತಿದ್ದೆವು, ಯಾವಾಗಿನಿಂದಲೋ ಬಂದ ಪದ್ಧತಿ. ಇನ್ನು ಮೇಲೆ ಡಾಕ್ಟರ್ ಕೇಳಿದರೆ ಮಾತ್ರ. ಅದರಲ್ಲೇ ಹತ್ತು ನಿಮಿಷಕ್ಕೂ ಮೇಲೆ ಉಳಿಯಿತು, ಗ್ರಾಪಾದಲ್ಲಿ ಅಲ್ಲ. ಫಾಲೋಅಪ್ ಕೇಸ್‌ಗಳ ಚೀಟಿಯನ್ನು ಮೊದಲೇ ರೇಡಿಯಾಲಜಿಸ್ಟ್‌ಗೆ ತೋರಿಸುತ್ತೇವೆ. ಓನರ್ ಖುಷಿ.

ಬಾಳೂರು_ಭಟ್ರು

ನೋಡಿ, ಎಐ ಇದ್ದಿದ್ದರೆ 6 ಸೆಕೆಂಡಿಗೆ ಬರುತ್ತಿತ್ತು.

ಫಿಸಿಕ್ಸ್_ಮೇಷ್ಟ್ರು (ಅರಸೀಕೆರೆ)

ಲೈಸೆನ್ಸ್ ದುಡ್ಡು ನೀವು ಕೊಡಿ ಭಟ್ರೇ, ನಾನು √2 ಬಿಟ್ಟುಕೊಡುತ್ತೇನೆ.

ಸಿರಿಂಜ್_ಸಿಸ್ಟರ್ (ಹಾಸನ)

ಕಾಯಿಲ್ ತಮ್ಮ, ನಾಳೆ ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ, ಪಿಟ್ಯುಟರಿ ಕೇಸೇ. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದಾಳೆ. ನಿನ್ನ ಹೊಸ ಸೆಟ್ಟಿಂಗ್ ನಡೆಯುತ್ತದಾ?

ಕಾಯಿಲ್_ಕೆಲಸಗಾರ (ಹಾಸನ)

ಸ್ಪಿನ್ ಎಕೋ ಡೈನಾಮಿಕ್ ಪರವಾಗಿಲ್ಲ ಸಿಸ್ಟರ್, ಬ್ಯಾಂಡ್‌ವಿಡ್ತ್ (ಸಿಗ್ನಲ್ ಓದುವ ವೇಗ) ಸ್ವಲ್ಪ ಏರಿಸಿಕೊಳ್ಳಲು ಹೇಳಿ. ಕೊನೆಯ 3ಡಿ ಗ್ರೇಡಿಯಂಟ್ ಎಕೋ ಮಾತ್ರ ಸ್ಟೀಲ್ ತಂತಿಗೆ ಪೂರ್ತಿ ಕಪ್ಪು ಹೊಡೆದು ಸೊಟ್ಟ ಆಗಬಹುದು. ತಂತಿ ಒಂದು ದಿನಕ್ಕೆ ತೆಗೆಯಲು ಆಗುತ್ತದಾ ಅಂತ ಅವಳ ಹಲ್ಲಿನ ಡಾಕ್ಟರಿಗೆ ಇವತ್ತೇ ಫೋನ್ ಮಾಡಿಸಿ, ಸ್ಲಾಟ್ ಮಧ್ಯಾಹ್ನಕ್ಕೆ ಹಾಕಿ.